ಔಟ್‌ಬೋರ್ಡ್ ಎಂಜಿನ್‌ನ ಪೆಟ್ರೋಲ್ ಪೈಪ್: ಯಾವ ಜೋಡಣೆ ಯಾರಿಗೆ?

ಗಂಗೊಳ್ಳಿ ಅಳಿವೆಯಲ್ಲಿ, ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ನಿಂತರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ನನಗೆ ಗೊತ್ತು. ಎದುರಿಗೆ ತೆರೆ ಮುರಿಯುತ್ತಿರುತ್ತದೆ. ಹಿಂದಿನಿಂದ ಪಂಚಗಂಗಾವಳಿ ನದಿಯ ಇಳಿತದ ನೀರು ದೂಡುತ್ತಿರುತ್ತದೆ. ದೋಣಿ ಅಡ್ಡ ತಿರುಗಿತೋ, ಮಗುಚಿತು ಅಂತಲೇ ಲೆಕ್ಕ. ಅವತ್ತು ಜೊತೆಗಿದ್ದ ಹಿರಿಯರು ಗಾಬರಿಯಾಗಲಿಲ್ಲ. "ತಮ್ಮಾ, ಬಲ್ಬ್ ಒತ್ತು. ಬಿಡಬೇಡ, ಒತ್ತುತ್ತಾನೇ ಇರು" ಅಂದರು. ಪೈಪಿನ ನಡುವೆ ಇರುವ, ಒತ್ತಿದರೆ ಪೆಟ್ರೋಲನ್ನು ಎಂಜಿನ್ ಕಡೆ ದೂಡುವ ರಬ್ಬರ್ ಬಲ್ಬನ್ನು ನಾನು ಒತ್ತುತ್ತಾ ಕೂತೆ. ಅವರು ಹಗ್ಗ ಎಳೆದರು. ಎಂಜಿನ್ ಹತ್ತಿಕೊಂಡಿತು. ಒತ್ತುವುದು ನಿಲ್ಲಿಸಿದರೆ ಸದ್ದು ಕುಗ್ಗುತ್ತಿತ್ತು, ಒತ್ತಿದರೆ ಏರುತ್ತಿತ್ತು. ಹಾಗೇ ಒತ್ತುತ್ತಾ ಒಳನೀರು ಸೇರಿಕೊಂಡೆವು.

ದಡಕ್ಕೆ ಬಂದು ಬಿಚ್ಚಿ ನೋಡಿದಾಗ ತಪ್ಪು ಸಿಕ್ಕಿದ್ದು ಎಂಜಿನ್ ತುದಿಯ ಕನೆಕ್ಟರ್‌ನಲ್ಲಿ, ಅಂದರೆ ಪೈಪನ್ನು ಎಂಜಿನ್‌ಗೆ ಸಿಕ್ಕಿಸುವ ಜೋಡಣೆಯಲ್ಲಿ. ಒಳಗಿನ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಸುಮ್ನೆ ನೋಡಿದರೆ ಚೆನ್ನಾಗಿಯೇ ಇತ್ತು. ಪೆನ್ನಿನ ತುದಿಗೆ ಏರಿಸಿ ಹಿಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು. ಒಂದು ಹನಿ ಪೆಟ್ರೋಲ್ ಕೂಡ ಹೊರಗೆ ಬಂದಿರಲಿಲ್ಲ. ಆದರೆ ಗಾಳಿ ಒಳಗೆ ಹೋಗುತ್ತಿತ್ತು. "ಇದು ಎಲ್ಲಾ ಕಂಪನಿಗೂ ಆಗ್ತದೆ" ಅಂತ ಒಂದು ಅಂಗಡಿಯಲ್ಲಿ ಹೇಳಿದ್ದನ್ನು ನಂಬಿ ನಾನೇ ತಂದು ಹಾಕಿದ ಕನೆಕ್ಟರ್ ಅದು.

ಆಮೇಲೆ ನಮ್ಮ ಕಡೆಯ ದೋಣಿಗಳಲ್ಲಿ ಯಾರು ಯಾವ ಜೋಡಣೆ ಹಾಕಿದ್ದಾರೆ, ಯಾವುದು ಎಷ್ಟು ದಿನ ಬಾಳುತ್ತದೆ ಅಂತ ನೋಡುತ್ತಾ ಬಂದಿದ್ದೇನೆ. ಹೊಸದಾಗಿ ಎಂಜಿನ್ ತೆಗೆದುಕೊಳ್ಳುವವರು, ಹಳೆ ಪೈಪ್ ಬದಲಿಸುವವರು ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿ ಎಲ್ಲಿಂದ ಒಳಗೆ ಬರುತ್ತದೆ?

ದೋಣಿಯಲ್ಲಿ ಟ್ಯಾಂಕ್ ಕೆಳಗೆ, ಎಂಜಿನ್ ಮೇಲೆ. ಪೆಟ್ರೋಲ್ ತಾನಾಗಿ ಹರಿದು ಹೋಗುವುದಿಲ್ಲ. ಎಂಜಿನ್ ಮೇಲಿರುವ ಚಿಕ್ಕ ಡಯಾಫ್ರಾಂ ಪಂಪ್ ಅದನ್ನು ಎಳೆದುಕೊಳ್ಳಬೇಕು. ಟ್ಯಾಂಕಿನಿಂದ ಪೈಪ್, ಆಮೇಲೆ ಬಲ್ಬ್, ಮತ್ತೆ ಪೈಪ್, ಕನೆಕ್ಟರ್, ಫಿಲ್ಟರ್, ಪಂಪ್, ಕೊನೆಗೆ ಕಾರ್ಬುರೇಟರ್. ಪಂಪಿನ ತನಕದ ದಾರಿಯೆಲ್ಲ ಎಳೆತದ ದಾರಿ. ಸ್ಟ್ರಾದಲ್ಲಿ ಚಿಕ್ಕ ತೂತು ಬಿದ್ದರೆ ಎಳನೀರು ಬಾಯಿಗೆ ಬರುವುದಿಲ್ಲ, ಬರೀ ಗಾಳಿ ಬರುತ್ತದೆ ಅಲ್ವಾ? ಇಲ್ಲೂ ಹಾಗೇ. ಎಂಜಿನ್ ನಿಧಾನಕ್ಕೆ ಓಡುವಾಗ ಕಡಿಮೆ ಪೆಟ್ರೋಲ್ ಸಾಕು, ಏನೂ ಗೊತ್ತಾಗುವುದಿಲ್ಲ. ತೆರೆ ದಾಟಲು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಳೆತ ಜಾಸ್ತಿಯಾಗುತ್ತದೆ. ಗಾಳಿಯೂ ಜಾಸ್ತಿ ಬರುತ್ತದೆ. ಎಂಜಿನ್ ನಿಲ್ಲುವುದು ಬೇಡದ ಜಾಗದಲ್ಲೇ.

ಟ್ಯಾಂಕಿನಿಂದ ಪಂಪಿನ ನಡುವೆ ಎಷ್ಟು ಜೋಡಣೆ ಇದೆಯೋ, ಗಾಳಿ ಬರಲು ಅಷ್ಟು ಬಾಗಿಲು. ಹಾಗಾಗಿ ನನ್ನ ಮಾತು ಇಷ್ಟೇ: ದಿನಾ ಬಿಚ್ಚುವ ಜೋಡಣೆಗೆ ಒಳ್ಳೆಯ ಸಾಮಾನು ಹಾಕಿ, ಬಿಚ್ಚುವ ಅಗತ್ಯವೇ ಇಲ್ಲದ ಕಡೆ ಬಿಚ್ಚುವ ಜೋಡಣೆಯನ್ನೇ ಇಡಬೇಡಿ. ಮುಂದಿನ ಆಯ್ಕೆಗಳನ್ನೆಲ್ಲ ಈ ಲೆಕ್ಕದಲ್ಲೇ ನೋಡುತ್ತೇನೆ.

ಎಂಜಿನ್ ತುದಿ: ಕಂಪನಿಯದ್ದೋ, "ಎಲ್ಲದಕ್ಕೂ ಆಗುವ" ಕನೆಕ್ಟರೋ?

ಯಮಹಾ, ಸುಝುಕಿ, ಟೊಹಾಟ್ಸು, ಹೋಂಡಾ, ಮರ್ಕ್ಯುರಿ ಎಲ್ಲವೂ ಮಾಡುವ ಕೆಲಸ ಒಂದೇ. ಕನೆಕ್ಟರ್‌ಗಳ ಅಳತೆ ಮಾತ್ರ ಒಂದೇ ಅಲ್ಲ. ಯಮಹಾದಲ್ಲಿ ಎಂಜಿನ್ ಕಡೆ ಎರಡು ಮೂತಿ ಇರುತ್ತವೆ. ಒಂದರಲ್ಲಿ ಪೆಟ್ರೋಲ್ ಹೋಗುತ್ತದೆ, ಇನ್ನೊಂದು ದಾರಿ ತೋರುವ ಗೂಟ. ಪೈಪಿನ ತುದಿಯನ್ನು ನೇರ ಹಿಡಿದು ಒತ್ತಿದರೆ ಟಕ್ ಅಂತ ಕೂರುತ್ತದೆ. ಹಳೆಯ ಮರ್ಕ್ಯುರಿಗಳಲ್ಲಿ ಒತ್ತಿ ತಿರುಗಿಸುವ ಬಗೆ ಇತ್ತು. ಒಂದೇ ಕಂಪನಿಯ ಚಿಕ್ಕ ಎಂಜಿನ್‌ಗೂ ದೊಡ್ಡದಕ್ಕೂ ಬೇರೆ ಬೇರೆ ಅಳತೆ ಇರುವುದೂ ಉಂಟು. ಅದಕ್ಕೇ ಅಂಗಡಿಗೆ ಹೋಗುವಾಗ ಬರೀ "ಯಮಹಾ" ಅಂದರೆ ಸಾಲದು. ಹಳೆ ಕನೆಕ್ಟರ್ ಕೈಯಲ್ಲಿ ಹಿಡಿದು ಹೋಗಿ, ಎಂಜಿನ್‌ನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ.

ಕನೆಕ್ಟರ್ ಒಳಗೆ ಏನಿದೆ ಅಂತ ಒಮ್ಮೆ ನೋಡಿ. ಬಾಯಿಯಲ್ಲಿ ಚಿಕ್ಕ ಗುಂಡು, ಅದರ ಹಿಂದೆ ಸ್ಪ್ರಿಂಗ್. ಬಿಚ್ಚಿದಾಗ ಸ್ಪ್ರಿಂಗ್ ಗುಂಡನ್ನು ದೂಡಿ ಬಾಯಿ ಮುಚ್ಚುತ್ತದೆ, ಪೆಟ್ರೋಲ್ ಚೆಲ್ಲುವುದಿಲ್ಲ. ಹಾಕಿದಾಗ ಎಂಜಿನ್ ಕಡೆಯ ಮೂತಿ ಗುಂಡನ್ನು ಹಿಂದೆ ಸರಿಸಿ ದಾರಿ ಬಿಡಿಸುತ್ತದೆ. ಸುತ್ತ ಓ-ರಿಂಗ್ ಕೂತು ಗಾಳಿ ತಡೆಯುತ್ತದೆ. ಈಗ ಅಳತೆ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಇರುವ ಕನೆಕ್ಟರ್ ಹಾಕಿದರೆ ಏನಾಗುತ್ತದೆ? ಗುಂಡು ಪೂರ್ತಿ ಹಿಂದೆ ಸರಿಯದೆ ದಾರಿ ಕಿರಿದಾಗುತ್ತದೆ. ಇಲ್ಲವೇ ಓ-ರಿಂಗ್ ಸಡಿಲವಾಗಿ ಕೂರುತ್ತದೆ. ಎರಡರಲ್ಲೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ದಡದಲ್ಲಿ ಚೆನ್ನಾಗಿಯೇ ಓಡುತ್ತದೆ. ಕಷ್ಟ ಗೊತ್ತಾಗುವುದು ನೀರಿನ ಮಧ್ಯೆ.

ಆದ್ದರಿಂದ ಎಂಜಿನ್ ತುದಿಗೆ ಕಂಪನಿಯದ್ದೇ ಕನೆಕ್ಟರ್, ಅಥವಾ ಆ ಮಾಡೆಲಿಗೇ ಅಂತ ಅಳತೆ ನೋಡಿ ಮಾಡಿದ ಒಳ್ಳೆಯ ಬದಲಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಎಲ್ಲದಕ್ಕೂ ಆಗುವುದು ಅಂತ ಮಾರುವುದನ್ನು ತುರ್ತಿಗೆ ಒಂದು ದಿನ ಹಾಕಿಕೊಳ್ಳಬಹುದು, ಅದೂ ಹೊಳೆಯ ಒಳನೀರಿನಲ್ಲಿ. ಅಳಿವೆ ದಾಟುವವರು ಬೇಡ.

ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವವರಿಗೆ ಇನ್ನೊಂದು ಮಾತು. ಇವಿನ್‌ರೂಡ್ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಹಳೆಯದು ಅಗ್ಗಕ್ಕೆ ಸಿಕ್ಕಿದರೂ ಅದರ ಕನೆಕ್ಟರ್ ನಿಮ್ಮ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆಯೇ ಅಂತ ವಿಚಾರಿಸಿಯೇ ದುಡ್ಡು ಕೊಡಿ.

ಪ್ಲಾಸ್ಟಿಕ್ಕೋ, ಲೋಹವೋ?

ಲೋಹದ್ದೇ ಗಟ್ಟಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಉಪ್ಪುನೀರಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ಕ್ರೋಮ್ ಲೇಪನದ ಹಿತ್ತಾಳೆ ಒಳ್ಳೆಯದು, ಬಹಳ ವರ್ಷ ಬರುತ್ತದೆ. ಆದರೆ ಅದರ ಒಳಗಿನ ಸ್ಪ್ರಿಂಗ್ ಸ್ಟೇನ್‌ಲೆಸ್ ಅಲ್ಲದಿದ್ದರೆ ತುಕ್ಕು ಹಿಡಿದು ಗುಂಡು ಸಿಕ್ಕಿಕೊಳ್ಳುತ್ತದೆ. ಅಗ್ಗದ ಬೆಳ್ಳಗಿನ ಮಿಶ್ರಲೋಹದ್ದಾದರೆ ಮೇಲೆ ಬಿಳಿ ಪುಡಿ ಏಳುತ್ತದೆ, ಆ ಪುಡಿಯೇ ಓ-ರಿಂಗನ್ನು ಕೊರೆಯುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಕನೆಕ್ಟರ್‌ಗೆ ತುಕ್ಕಿನ ಭಯ ಇಲ್ಲ. ಅದಕ್ಕೆ ಬಿಸಿಲು ಮತ್ತು ಕಾಲು ಶತ್ರು. ಬಲೆ ಎಳೆಯುವ ಗಡಿಬಿಡಿಯಲ್ಲಿ ಯಾರಾದರೂ ತುಳಿದರೆ ಬೀಗದ ನಾಲಿಗೆ ಮುರಿಯುತ್ತದೆ.

ಮೂರು ನಾಲ್ಕು ಜನ ಓಡಾಡುವ ಬಲೆಯ ದೋಣಿಗೆ ಹಿತ್ತಾಳೆಯದ್ದು. ಒಬ್ಬರೇ ಗಾಳ ಹಾಕುವ ಚಿಕ್ಕ ದೋಣಿಗೆ ಕಂಪನಿಯ ಪ್ಲಾಸ್ಟಿಕ್ಕೇ ಸಾಕು, ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿ.

ಟ್ಯಾಂಕ್ ತುದಿ: ಬಿಚ್ಚುವ ಕನೆಕ್ಟರ್ ಬೇಕೇ?

ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ತುಂಬಾ ಜನ ಎರಡೂ ತುದಿಗೆ ಕನೆಕ್ಟರ್ ಹಾಕಿಸುತ್ತಾರೆ, ಅನುಕೂಲ ಅಂತ. ಆದರೆ ನಿಮ್ಮ ಟ್ಯಾಂಕಿನ ಜೊತೆಗೇ ಪೈಪನ್ನೂ ಸುತ್ತಿ ಮನೆಗೆ ಒಯ್ಯುತ್ತೀರಿ ಅಂದರೆ ಟ್ಯಾಂಕ್ ಕಡೆ ಬಿಚ್ಚುವ ಅಗತ್ಯ ಏನಿದೆ? ಟ್ಯಾಂಕಿನ ನಿಪ್ಪಲ್‌ಗೆ, ಅಂದರೆ ಅಲ್ಲಿರುವ ಚಿಕ್ಕ ಕೊಳವೆಗೆ, ಪೈಪನ್ನು ನೇರ ಏರಿಸಿ ಕ್ಲಿಪ್ ಬಿಗಿದುಬಿಡಿ. ಒಂದು ಓ-ರಿಂಗ್, ಒಂದು ಗುಂಡು, ಒಂದು ಸ್ಪ್ರಿಂಗ್ ಕಡಿಮೆಯಾಯಿತು. ಗಾಳಿಗೆ ಒಂದು ಬಾಗಿಲು ಮುಚ್ಚಿತು.

ಎರಡು ಟ್ಯಾಂಕ್ ಇಟ್ಟುಕೊಂಡು ದೂರ ಹೋಗುವವರದ್ದು ಬೇರೆ ವಿಷಯ. ಒಂದು ಖಾಲಿಯಾದ ಮೇಲೆ ಪೈಪನ್ನು ಇನ್ನೊಂದಕ್ಕೆ ಬದಲಿಸಬೇಕು. ಅಂಥವರಿಗೆ ಟ್ಯಾಂಕ್ ತುದಿಯ ಕನೆಕ್ಟರ್ ಬೇಕೇ ಬೇಕು. ಎರಡೂ ಟ್ಯಾಂಕಿಗೆ ಒಂದೇ ಬಗೆಯದ್ದು, ಒಂದೇ ಅಂಗಡಿಯದ್ದು ಹಾಕಿಸಿ. ಬೇರೆ ಬೇರೆ ಹಾಕಿಸಿ ಆಮೇಲೆ ಕತ್ತಲಲ್ಲಿ ತಡಕಾಡಿದವರನ್ನು ನೋಡಿದ್ದೇನೆ.

ನಿಪ್ಪಲ್‌ನ ಇನ್ನೊಂದು ತುದಿಯಲ್ಲಿ ಟ್ಯಾಂಕಿಗೆ ತಿರುಗಿಸುವ ಮರೆ, ಅಂದರೆ ಸ್ಕ್ರೂಗೆ ಇರುವ ಹಾಗಿನ ಸುತ್ತುಗೆರೆ, ಇರುತ್ತದೆ. ಅಲ್ಲಿ ನಲ್ಲಿಯ ಕೆಲಸಕ್ಕೆ ಬಳಸುವ ಬಿಳಿ ಟೇಪನ್ನು ಬೇಕಾಬಿಟ್ಟಿ ಸುತ್ತಬೇಡಿ. ಅದರ ಚೂರು ಕಿತ್ತು ಬಂದು ಬಲ್ಬಿನ ವಾಲ್ವಿಗೋ ಕಾರ್ಬುರೇಟರ್‌ಗೋ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ತಡೆಯುವ ಪೇಸ್ಟ್ ಸಿಗುತ್ತದೆ. ಮೊದಲ ಎರಡು ಸುತ್ತಿನ ಮರೆ ಬಿಟ್ಟು ಹಚ್ಚಿ.

ಕ್ಲಿಪ್: ಎಲ್ಲರೂ ಮರೆಯುವ ಜಾಗ

ಕನೆಕ್ಟರ್‌ಗೆ ಸಾವಿರ ಖರ್ಚು ಮಾಡಿ, ಅದಕ್ಕೆ ಪೈಪ್ ಕೂರಿಸುವಾಗ ಕೈಗೆ ಸಿಕ್ಕ ಕ್ಲಿಪ್ ಹಾಕುತ್ತಾರೆ. ನಾನು ನೋಡಿದ ಗಾಳಿ ಸೋರಿಕೆಗಳಲ್ಲಿ ಜಾಸ್ತಿ ಇಲ್ಲಿಯವೇ.

ಸ್ಕ್ರೂ ತಿರುಗಿಸಿ ಬಿಗಿಯುವ ಪಟ್ಟಿ ಕ್ಲಿಪ್ ಎಲ್ಲ ಕಡೆ ಸಿಗುತ್ತದೆ, ದೋಣಿಯಲ್ಲೇ ಬಿಗಿಯಬಹುದು. ಆದರೆ ಪಟ್ಟಿಯಲ್ಲಿ ಆರಪಾರ ತೂತು ಇರುವ ಬಗೆ ಬೇಡ, ಆ ತೂತಿನ ಅಂಚು ರಬ್ಬರನ್ನು ಕೊಯ್ಯುತ್ತದೆ. ಒಳಮೈ ನುಣುಪಾಗಿರುವುದನ್ನು ಕೇಳಿ ತನ್ನಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಸಾದಾ ಕಬ್ಬಿಣದ್ದು ಇರುವುದೂ ಸಾಮಾನ್ಯ. ಒಂದು ಮಳೆಗಾಲ ಕಳೆಯುವುದರೊಳಗೆ ಸ್ಕ್ರೂ ಕೆಂಪಾಗಿ ಕಳಚುತ್ತದೆ. ಇಡೀ ಕ್ಲಿಪ್ 316 ದರ್ಜೆಯ ಸ್ಟೇನ್‌ಲೆಸ್‌ನದ್ದು ಅಂತ ಬರೆದಿದ್ದರೆ ಒಳ್ಳೆಯದು. ಇನ್ನೊಂದು ತಪ್ಪು ಅತಿಯಾಗಿ ಬಿಗಿಯುವುದು. ಪೈಪಿನ ರಬ್ಬರ್ ಕ್ಲಿಪ್‌ನ ಎರಡೂ ಬದಿ ಉಬ್ಬಿ ಮೇಲೆ ಬಂತು ಅಂದರೆ ಬಿಗಿ ಜಾಸ್ತಿಯಾಯಿತು ಅಂತಲೇ ಅರ್ಥ.

ಕಿವಿ ಕ್ಲಿಪ್ ಅಂದರೆ ಸ್ಕ್ರೂ ಇಲ್ಲದ ಬಳೆ. ಅದರ ಚಿಕ್ಕ ಕಿವಿಯನ್ನು ವಿಶೇಷ ಇಕ್ಕಳದಿಂದ ಚಿವುಟಿದರೆ ಸುತ್ತಲೂ ಒಂದೇ ಸಮ ಬಿಗಿಯಾಗುತ್ತದೆ. ಚಿಕ್ಕ ಪೈಪಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಬಲೆ ಸಿಕ್ಕಿಕೊಳ್ಳುವ ಮೂಲೆಯೂ ಇಲ್ಲ. ಒಮ್ಮೆ ಚಿವುಟಿದ್ದನ್ನು ಮತ್ತೆ ಬಳಸಲಾಗದು, ಅದೊಂದೇ ಕೊರತೆ. ದಡದಲ್ಲಿ ಕೆಲಸ ಮಾಡುವಾಗ ಕಿವಿ ಕ್ಲಿಪ್ ಹಾಕಿ, ದೋಣಿಯ ಡಬ್ಬಿಯಲ್ಲಿ ಸ್ಕ್ರೂ ಕ್ಲಿಪ್ ಇಟ್ಟುಕೊಳ್ಳಿ. ಎರಡನ್ನೂ ಹೋಲಿಸಿ ನಾನು ಕೊನೆಗೆ ಬಂದ ತೀರ್ಮಾನ ಇದು.

ಪ್ಲಾಸ್ಟಿಕ್ ಕಟ್ಟುಪಟ್ಟಿ ಬೇಡ. ಎಂಜಿನ್ ಮುಚ್ಚಳದ ಒಳಗೆ ಕಂಪನಿಯವರೇ ಅದನ್ನು ಹಾಕಿರುತ್ತಾರಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ನೆರಳಿನಲ್ಲಿ, ಲೆಕ್ಕ ಹಾಕಿ ಹಾಕಿದ್ದು. ಹೊರಗಿನ ಬಿಸಿಲಿಗೆ ಅದು ಒಣ ಸೋಗೆಯ ಹಾಗೆ ಮುರಿಯುತ್ತದೆ.

ಪೈಪ್ ಮತ್ತು ಓ-ರಿಂಗ್: ಈಗಿನ ಪೆಟ್ರೋಲಿಗೆ ಏನು ಬೇಕು

ನಮ್ಮ ದೇಶದಲ್ಲಿ 2023ರಿಂದ ಹಂತ ಹಂತವಾಗಿ 20% ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಒಣಗಿದಾಗ ಬಿರುಕು ಬಿಡಿಸುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಕರಾವಳಿಯ ಗಾಳಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಓ-ರಿಂಗ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ನೈಟ್ರೈಲ್ ರಬ್ಬರ್. ಸೀಮೆಎಣ್ಣೆಗೂ ಬರೀ ಪೆಟ್ರೋಲಿಗೂ ಅದು ಸಾಕು. ಎಥೆನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಅನ್ನುವ ಬಗೆ ಹೆಚ್ಚು ತಾಳುತ್ತದೆ. ಬೆಲೆ ಕೆಲವು ಪಟ್ಟು ಜಾಸ್ತಿ, ಆದರೂ ಒಂದು ಓ-ರಿಂಗ್‌ನ ಬೆಲೆ ಎಷ್ಟಾದೀತು? ಪೆಟ್ರೋಲ್ ಎಂಜಿನ್ ಇರುವವರು ವೈಟಾನನ್ನೇ ಕೇಳಿ.

ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಮೈಮೇಲಿನ ಬರಹ ಓದಿ. ದೋಣಿಯ ಇಂಧನಕ್ಕೇ ಮಾಡಿದ ಪೈಪಿನ ಮೇಲೆ ಎಸ್‌ಎಇ ಜೆ1527 ಅಂತಲೋ ಐಎಸ್‌ಒ 7840 ಅಥವಾ 8469 ಅಂತಲೋ ಗುಣಮಟ್ಟದ ಗುರುತು ಅಚ್ಚಾಗಿರುತ್ತದೆ. ಒಳ ಅಳತೆ ಚಿಕ್ಕ ಎಂಜಿನ್‌ಗೆ 6 ಮಿ.ಮೀ., ಅದಕ್ಕಿಂತ ದೊಡ್ಡದಕ್ಕೆ 8, ಇನ್ನೂ ದೊಡ್ಡದಕ್ಕೆ 10ರ ಹತ್ತಿರ. ನಿಮ್ಮ ಎಂಜಿನ್‌ನ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. 6ರ ನಿಪ್ಪಲ್‌ಗೆ 8ರ ಪೈಪ್ ಹಾಕಿ ಕ್ಲಿಪ್‌ನಿಂದ ಹಿಂಡಿ ಸರಿಮಾಡಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಪೈಪ್ ಒಂದು ಕಡೆ ಮಡಿಕೆ ಬೀಳುತ್ತದೆ, ಆ ಮಡಿಕೆಯಲ್ಲೇ ಗಾಳಿ ನುಗ್ಗುತ್ತದೆ.

ಸೀಮೆಎಣ್ಣೆ ದೋಣಿಗಳಿಗೆ: ಕೈಯಲ್ಲಿ ಬದಲಿಸುವುದೋ, ಕಾಕ್ ಹಾಕುವುದೋ?

ನಮ್ಮ ನಾಡದೋಣಿಗಳಲ್ಲಿ ಸೀಮೆಎಣ್ಣೆ ಎಂಜಿನ್‌ಗಳು ಇನ್ನೂ ಇವೆ. ಇವನ್ನು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಇಲ್ಲದಿದ್ದರೆ ಕಾರ್ಬುರೇಟರ್‌ನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ತಣ್ಣಗಿನ ಎಂಜಿನ್ ಹತ್ತುವುದಿಲ್ಲ. ಮುಂಜಾನೆ ನಾಲ್ಕಕ್ಕೆ ಹಗ್ಗ ಎಳೆದೆಳೆದು ಸುಸ್ತಾದವರಿಗೆ ಇದು ಗೊತ್ತು.

ಒಂದೇ ಕನೆಕ್ಟರ್‌ಗೆ ಎರಡು ಪೈಪ್ ಇಟ್ಟುಕೊಂಡು ಕೈಯಲ್ಲೇ ಕಿತ್ತು ಹಾಕುವವರಿದ್ದಾರೆ. ಖರ್ಚು ಇಲ್ಲ, ನಿಜ. ಆದರೆ ಓಡುವ ಎಂಜಿನ್ ಪಕ್ಕ ಪ್ರತಿಸಲ ನಾಲ್ಕು ಹನಿ ಚೆಲ್ಲುತ್ತದೆ. ಓ-ರಿಂಗ್ ಬೇಗ ಸವೆಯುತ್ತದೆ. ಕೈ ತಪ್ಪಿದರೆ ಎಂಜಿನ್ ನಿಲ್ಲುತ್ತದೆ. ಹಿತ್ತಾಳೆಯ ಮೂರು ದಾರಿಯ ಕಾಕ್, ಅಂದರೆ ಚಿಕ್ಕ ನಲ್ಲಿ, ಹಾಕಿದರೆ ಹಿಡಿ ತಿರುಗಿಸಿದರೆ ಆಯಿತು. ಜೋಡಣೆ ಎರಡು ಹೆಚ್ಚಾಗುತ್ತದೆ ಅನ್ನುವುದು ನನ್ನ ಲೆಕ್ಕಕ್ಕೇ ವಿರುದ್ಧ. ಆದರೆ ಅವು ದಿನಾ ಬಿಚ್ಚುವ ಜೋಡಣೆಗಳಲ್ಲ, ಕ್ಲಿಪ್ ಬಿಗಿದು ಬಿಟ್ಟರೆ ಅಲ್ಲೇ ಇರುತ್ತವೆ. ಹಾಗಾಗಿ ಸೀಮೆಎಣ್ಣೆಯವರಿಗೆ ಕಾಕೇ ಸರಿ. ಹಿಡಿ ಯಾವ ಕಡೆ ಇದ್ದರೆ ಪೆಟ್ರೋಲ್ ಅಂತ ಬಣ್ಣದಿಂದ ಗುರುತು ಹಾಕಿ.

ಹಾಕುವಾಗ, ಬಿಚ್ಚುವಾಗ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಆಗಲೂ ಅವಕಾಶ ಇದೆ. ಆ ಮಳೆಗಾಲದಲ್ಲಿ ಎಂಜಿನ್ ಬಿಚ್ಚಿ ಶೆಡ್ಡಿಗೆ ಹೊತ್ತುಕೊಂಡು ಹೋಗುವುದು ದಿನದ ಕೆಲಸ. ಕನೆಕ್ಟರ್ ಹಾಳಾಗುವುದೂ ಆಗಲೇ, ಮರಳಿನಿಂದ. ಬಿಚ್ಚಿದ ಪೈಪಿನ ತುದಿ ಮರಳಿನ ಮೇಲೆ ಬಿದ್ದರೆ ಒಂದೇ ಒಂದು ಕಣ ಸಾಕು, ಗುಂಡು ಮತ್ತೆ ಸರಿಯಾಗಿ ಕೂರುವುದಿಲ್ಲ. ತುದಿಗೆ ರಬ್ಬರ್ ಮುಚ್ಚಳ ಹಾಕಿ. ಇಲ್ಲದಿದ್ದರೆ ಒಗೆದ ಬಟ್ಟೆಯ ಚೂರು ಸುತ್ತಿ ಕಟ್ಟಿ.

ಹಾಕುವ ಮುಂಚೆ ಎರಡೂ ಬಾಯಿ ಒರೆಸಿ. ಓ-ರಿಂಗ್ ಒಣಗಿದ್ದರೆ ಬೆರಳ ತುದಿಯಲ್ಲಿ ಒಂದು ಹನಿ ಟೂ-ಸ್ಟ್ರೋಕ್ ಎಣ್ಣೆ ಸವರಿ. ನೇರ ಹಿಡಿದು ಒತ್ತಿ, ಓರೆಯಾಗಿ ಒತ್ತಿದರೆ ಓ-ರಿಂಗ್ ಅಂಚು ಕತ್ತರಿಸುತ್ತದೆ. ಬೀಗ ಕೂತ ಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿ. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಆ ತುದಿ ಮೇಲೆ ಬರುವ ಹಾಗೆ ಬಲ್ಬನ್ನು ನೆಟ್ಟಗೆ ಹಿಡಿದು, ಗಟ್ಟಿಯಾಗುವ ತನಕ ಒತ್ತಿ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡಿ. ಗಟ್ಟಿಯಾಗೇ ಇದ್ದರೆ ಹೊರಡಿ. ಮೆತ್ತಗಾಗಿದ್ದರೆ ಪ್ರತಿ ಜೋಡಣೆಗೂ ಬೆರಳು ಹಾಕಿ ಒದ್ದೆ ಇದೆಯೇ ನೋಡಿ, ಮೂಸಿ ನೋಡಿ.

ಓಡುವಾಗ ಬಲ್ಬ್ ತಾನಾಗಿ ಒಳಕ್ಕೆ ಹಿಂಡಿಕೊಂಡರೆ ಗಾಳಿ ಸೋರಿಕೆ ಅಲ್ಲ, ಟ್ಯಾಂಕ್ ಕಡೆ ದಾರಿ ಕಟ್ಟಿದೆ ಅಂತ. ಹೆಚ್ಚಿನ ಸಲ ಗಾಳಿ ಸ್ಕ್ರೂ ತೆರೆಯಲು ಮರೆತಿರುತ್ತೀರಿ, ಅಷ್ಟೇ.

ಬಿಚ್ಚುವಾಗ ಎಂಜಿನ್ ನಿಲ್ಲಿಸಿ ತಣಿಯಲು ಬಿಡಿ. ಯಾರೂ ಬೀಡಿ ಸೇದುತ್ತಿರಬಾರದು. ಬಿಸಿಲಿಗೆ ಕಾದ ಟ್ಯಾಂಕಿನಲ್ಲಿ ಒತ್ತಡ ತುಂಬಿರುತ್ತದೆ, ಮೊದಲು ಗಾಳಿ ಸ್ಕ್ರೂ ನಿಧಾನಕ್ಕೆ ತಿರುಗಿಸಿ ಅದನ್ನು ಬಿಡಿ. ಆಮೇಲೆ ಕನೆಕ್ಟರ್ ಸುತ್ತ ಬಟ್ಟೆ ಹಿಡಿದು, ಬೀಗ ಒತ್ತಿ, ಕನೆಕ್ಟರನ್ನೇ ಹಿಡಿದು ಎಳೆಯಿರಿ. ಪೈಪ್ ಹಿಡಿದು ಎಳೆಯಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂತಿರುತ್ತದೆ. ಚೆಲ್ಲಿದ್ದನ್ನು ಒರೆಸಿದ ಬಟ್ಟೆಯನ್ನು ದೋಣಿಯಲ್ಲಿ ಬಿಡಬೇಡಿ. ಟ್ಯಾಂಕ್ ತುಂಬಿಸುವುದನ್ನೂ ಕೆಳಗಿಳಿಸಿ ದಡದಲ್ಲೇ ಮಾಡಿ. ರಾತ್ರಿ ಪೈಪ್ ಎಂಜಿನ್‌ಗೆ ಹಾಕಿಯೇ ಬಿಟ್ಟರೆ ಮರುದಿನದ ಬಿಸಿಲಿಗೆ ಟ್ಯಾಂಕ್ ಉಬ್ಬಿ ಪೆಟ್ರೋಲನ್ನು ಎಂಜಿನ್‌ಗೆ ದೂಡುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಬಿಚ್ಚಲೇಬೇಕು.

ದೊಡ್ಡ ಫೋರ್-ಸ್ಟ್ರೋಕ್ ಇಂಜೆಕ್ಷನ್ ಎಂಜಿನ್ ಇರುವವರು ಮುಚ್ಚಳದ ಒಳಗಿನ ಜೋಡಣೆಗಳಿಗೆ ಕೈ ಹಾಕಬೇಡಿ. ಅಲ್ಲಿ ಪೆಟ್ರೋಲ್ ಜೋರು ಒತ್ತಡದಲ್ಲಿರುತ್ತದೆ, ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಅದು ಮೆಕ್ಯಾನಿಕ್ ಕೆಲಸ.

ನಮ್ಮ ದೋಣಿಯ ಹಿಂದಿನ ಹಲಗೆಯ ಕೆಳಗೆ ಈಗ ಒಂದು ಚಿಕ್ಕ ಡಬ್ಬಿ ಕಟ್ಟಿದ್ದೇನೆ. ಅದರಲ್ಲಿ ಕಂಪನಿಯ ಒಂದು ಕನೆಕ್ಟರ್, ನಾಲ್ಕು ವೈಟಾನ್ ಓ-ರಿಂಗ್, ಎರಡು ಸ್ಕ್ರೂ ಕ್ಲಿಪ್, ಒಂದು ಮೊಳ ಪೈಪ್, ಒಂದು ಚಾಕು, ಒಂದು ಸ್ಕ್ರೂಡ್ರೈವರ್. ನೀವೂ ಕಟ್ಟಿಕೊಳ್ಳುವುದಾದರೆ ಆ ಸ್ಕ್ರೂಡ್ರೈವರ್‌ನ ಮೂತಿ ಆ ಕ್ಲಿಪ್‌ನ ಸ್ಕ್ರೂಗೆ ಸರಿಯಾಗಿ ಕೂರುತ್ತದೆಯೇ ಅಂತ ದಡದಲ್ಲೇ ಒಮ್ಮೆ ತಿರುಗಿಸಿ ನೋಡಿಕೊಳ್ಳಿ.